ಟಸ್ಕನಿಯಲ್ಲಿ ಬೀಡು ಬಿಡುವುದೆಲ್ಲಿ?

ಜೂನ್ ತಿಂಗಳು, ಸಂಜೆ ಆರು ಗಂಟೆ. ಕತ್ತಲಾಗಲು ಇನ್ನೂ ಮೂರು ತಾಸು ಇದೆ. ಇಟಲಿಯ ಟಸ್ಕನಿ ಪ್ರಾಂತದ ದಕ್ಷಿಣ ಭಾಗದಲ್ಲಿರುವ ಪಿಯೆಂಜಾ ಎಂಬ ಪುಟ್ಟ ಊರಿನ ಕೋಟೆಬಾಗಿಲಾಚೆ ಪ್ರವಾಸಿ ಬಸ್ಸುಗಳು ಒಂದೊಂದಾಗಿ ಹೊರಡುತ್ತಿವೆ. ಹಗಲೆಲ್ಲ ಚೀಸ್ ಅಂಗಡಿಗಳ ಮುಂದೆ ಮುಗಿಬಿದ್ದಿದ್ದ ಜನ ಕರಗಿದ್ದಾರೆ. ಚೌಕದ ಅರಮನೆಯ ಗೋಡೆಗೆ ಸೇರಿಸಿ ಕಟ್ಟಿದ ಕಲ್ಲುಜಗಲಿಯ ಮೇಲೆ ಊರಿನ ಹಿರಿಯರು ಬಂದು ಕೂರುತ್ತಿದ್ದಾರೆ. ಕಣಿವೆಯ ಆಚೆ ಅಮಿಯಾತಾ ಬೆಟ್ಟ ನೀಲಿಯಾಗುತ್ತಿದೆ.

ಈ ಹೊತ್ತಿಗೆ ಊರಿನಲ್ಲಿ ಉಳಿದಿರುವ ಪ್ರವಾಸಿಗರಲ್ಲಿ ಎರಡು ಬಗೆ. ಒಂದು ಗುಂಪಿನವರು ಕೋಣೆಗೆ ಹೋಗಿ ಕೈಕಾಲು ತೊಳೆದು, ಎಂಟು ಗಂಟೆಗೆ ಊಟಕ್ಕೆಂದು ನಿಧಾನವಾಗಿ ನಡೆದು ಬರುತ್ತಾರೆ. ಇನ್ನೊಂದು ಗುಂಪು ಕಾರಿನ ಕೀಲಿ ಹಿಡಿದು ಗಡಿಯಾರ ನೋಡುತ್ತಿದೆ. ಅವರ ಕೋಣೆ ಇರುವುದು ಫ್ಲಾರೆನ್ಸಿನಲ್ಲಿ, ಅಲ್ಲಿಗೆ ಎರಡು ತಾಸಿನ ದಾರಿ. ಉಂಡೇ ಹೊರಡೋಣವೆಂದರೆ ಏಳೂವರೆಯವರೆಗೆ ಇಲ್ಲಿನ ಹೋಟೆಲುಗಳಲ್ಲಿ ಒಲೆ ಹಚ್ಚುವುದಿಲ್ಲ.

ಇಬ್ಬರೂ ನೋಡಿದ್ದು ಒಂದೇ ಊರನ್ನು. ದಾರಿ ಕವಲೊಡೆದದ್ದು ಮಾತ್ರ ತಿಂಗಳುಗಳ ಹಿಂದೆ, ಬೆಂಗಳೂರಿನಲ್ಲೋ ಹುಬ್ಬಳ್ಳಿಯಲ್ಲೋ ಕೂತು ಕೋಣೆ ಕಾಯ್ದಿರಿಸಿದ ದಿನ. ಷೆಂಗೆನ್ ವೀಸಾದ ಅರ್ಜಿಗೆ ಪ್ರತಿ ರಾತ್ರಿಯೂ ಎಲ್ಲಿ ತಂಗುತ್ತೀರಿ ಎಂಬ ದಾಖಲೆ ಬೇಕು. ಹಾಗಾಗಿ ನಮ್ಮವರು ನಕ್ಷೆ ಅರ್ಥವಾಗುವ ಮೊದಲೇ ಕೋಣೆ ಹಿಡಿಯುತ್ತಾರೆ; ಹೆಸರು ಗೊತ್ತಿರುವ ಊರನ್ನೇ ಹಿಡಿಯುತ್ತಾರೆ. ಹಳ್ಳಿಗಾಡಿನ ಕಾರು ಪ್ರವಾಸ ಕೆಡುವುದು ಬಹುಪಾಲು ಇಲ್ಲಿಯೇ. ನೋಡುವ ಊರನ್ನು ಹಗಲಿನ ಆಸೆಗೆ ತಕ್ಕಂತೆ ಆರಿಸಿಕೊಳ್ಳಿ, ತಪ್ಪಿಲ್ಲ. ತಂಗುವ ಊರನ್ನು ಆರಿಸುವಾಗ ಸಂಜೆ ಆರರ ನಂತರ ಅಲ್ಲಿ ನಿಮ್ಮ ಪಾಡೇನು ಎಂದು ಕೇಳಿಕೊಳ್ಳಬೇಕು.

ಕಿಲೊಮೀಟರು ನಂಬಬೇಡಿ

ಟಸ್ಕನಿ ದೊಡ್ಡ ಪ್ರಾಂತವೇನಲ್ಲ. ಸುಮಾರು 23,000 ಚದರ ಕಿಲೊಮೀಟರು, ಅಂದರೆ ಕರ್ನಾಟಕದ ಎಂಟನೇ ಒಂದು ಪಾಲು. ನಕ್ಷೆ ಹರಡಿಕೊಂಡು ನೋಡಿದರೆ ಎಲ್ಲವೂ ಪಕ್ಕಪಕ್ಕದಲ್ಲೇ ಇದ್ದಂತೆ ಕಾಣುತ್ತದೆ. ಮೋಸವಾಗುವುದು ಆಗಲೇ.

ಮಿಲಾನ್, ಫ್ಲಾರೆನ್ಸ್, ರೋಮ್ ನಗರಗಳನ್ನು ಜೋಡಿಸುವ ಎ-1 ಹೆದ್ದಾರಿ ಪ್ರಾಂತದ ಪೂರ್ವ ಭಾಗದಲ್ಲಿ ಹಾದುಹೋಗುತ್ತದೆ. 1964ರಲ್ಲಿ ಪೂರ್ತಿಯಾದ ಈ ಹೆದ್ದಾರಿಯಲ್ಲಿ ಟೋಲ್ ಕಟ್ಟಬೇಕು, ಆದರೆ ದೂರ ಬೇಗ ಸವೆಯುತ್ತದೆ. ಅದನ್ನು ಬಿಟ್ಟು ಒಳನಾಡಿಗೆ ತಿರುಗಿದರೆ ರಸ್ತೆ ಗುಡ್ಡದ ಏಣನ್ನು ಹಿಡಿದು ಸುತ್ತಿ ಸುತ್ತಿ ಸಾಗುತ್ತದೆ. ಫ್ಲಾರೆನ್ಸಿನಿಂದ ಸಿಯೆನಾಗೆ ನೇರ ರಸ್ತೆಯಲ್ಲಿ ಸುಮಾರು 70 ಕಿಲೊಮೀಟರು. ಒಂದೂಕಾಲು ತಾಸು ಸಾಕು. ಅದೇ ಎರಡು ನಗರಗಳ ನಡುವೆ ಕಿಯಾಂಟಿ ದ್ರಾಕ್ಷಿತೋಟಗಳ ಒಳಗೆ ಹಾಯುವ 222ನೇ ಸಂಖ್ಯೆಯ ರಸ್ತೆ ಹಿಡಿದರೆ ನಿಲ್ಲದೆ ಹೋದರೂ ಎರಡು ತಾಸಿನ ಹತ್ತಿರ. ನಿಲ್ಲದೆ ಹೋಗುವವರಾದರೂ ಯಾರು? ನೋಡುವುದಕ್ಕೆಂದೇ ಆ ರಸ್ತೆ ಹಿಡಿಯುವುದು.

ಪಿಯೆಂಜಾದಿಂದ ಮೊಂಟೆಪುಲ್ಚಾನೊಗೆ ಇಪ್ಪತ್ತು ನಿಮಿಷ. ಸಾನ್ ಕ್ವಿರಿಕೊದಿಂದ ಮೊಂಟಾಲ್ಚಿನೊಗೂ ಹೆಚ್ಚುಕಡಿಮೆ ಅಷ್ಟೇ. ಆದರೆ ಪಶ್ಚಿಮದ ವೊಲ್ತೆರಾದಿಂದ ಪಿಯೆಂಜಾಗೆ ಹೋಗುವುದೆಂದರೆ ಸುಮಾರು ಎರಡು ತಾಸು ಹಿಡಿಯುತ್ತದೆ. ಇಲ್ಲಿಯ ಊರುಗಳು ಒಂದೇ ಸಮನಾಗಿ ಹರಡಿಕೊಂಡಿಲ್ಲ, ಗೊಂಚಲು ಗೊಂಚಲಾಗಿವೆ. ಒಂದು ಗೊಂಚಲಿಗೆ ಒಂದು ಬೀಡು. ಮುಕ್ಕಾಲು ತಾಸಿನೊಳಗೆ ಮೂರು ನಾಲ್ಕು ದಿಕ್ಕಿಗೆ ಹೋಗಿ ಬರುವಂತಿದ್ದರೆ ಅದು ಸರಿಯಾದ ಜಾಗ. ಒಂದು ದಿಕ್ಕಿಗೆ ಮಾತ್ರ ದಾರಿಯಿದ್ದರೆ ಪ್ರತಿ ದಿನ ಬೆಳಿಗ್ಗೆ ಅದೇ ತಿರುವುಗಳನ್ನು ಸುತ್ತಿ, ರಾತ್ರಿ ಅವನ್ನೇ ಬಿಚ್ಚಿಕೊಂಡು ಬರಬೇಕು.

ಗುಡ್ಡದ ಮೇಲಿನ ಊರು, ಗುಡ್ಡದ ಕೆಳಗಿನ ಊರು

ಟಸ್ಕನಿಯ ಹಳೆಯ ಊರುಗಳಲ್ಲಿ ಬಹುಪಾಲು ಗುಡ್ಡದ ನೆತ್ತಿಯ ಮೇಲೇ ಇವೆ. ಶತ್ರು ದೂರದಿಂದಲೇ ಕಾಣಲಿ ಎಂಬುದು ಒಂದು ಕಾರಣ; ತಗ್ಗಿನ ಜೌಗಿನಲ್ಲಿ ಮಲೇರಿಯಾ ಎಂಬುದು ಇನ್ನೊಂದು. ಊರೂರಿಗೆ ನಡುವಿನ ಅಂತರ ಕಾಲ್ನಡಿಗೆಯ ಕಾಲದ್ದು. ಉತ್ತರ ಯುರೋಪಿನಿಂದ ರೋಮಿಗೆ ಹೋಗುವ ಯಾತ್ರಿಕರ ಹಾದಿ, ವಿಯಾ ಫ್ರಾಂಚಿಜೆನಾ, ಇದೇ ಗುಡ್ಡಗಳ ನಡುವೆ ಹಾಯುತ್ತದೆ. ಕ್ಯಾಂಟರ್ಬರಿಯ ಆರ್ಚ್‌ಬಿಷಪ್ ಸಿಜೆರಿಕ್ 990ರಲ್ಲಿ ರೋಮಿನಿಂದ ಮರಳುವಾಗ ದಾರಿಯ 79 ತಂಗುದಾಣಗಳ ಹೆಸರು ಬರೆಸಿಟ್ಟ. ಸಿಯೆನಾ, ಸಾನ್ ಕ್ವಿರಿಕೊ ಎರಡೂ ಆ ಪಟ್ಟಿಯಲ್ಲಿವೆ. ಸಾವಿರ ವರ್ಷದಿಂದ ದಾರಿಹೋಕರಿಗೆ ಊಟ ಹಾಕಿ, ಹಾಸಿಗೆ ಕೊಟ್ಟು ಅನುಭವವಿರುವ ಊರುಗಳಿವು.

ಹತ್ತೊಂಬತ್ತನೇ ಶತಮಾನದಲ್ಲಿ ಬಂದ ರೈಲು ಗುಡ್ಡ ಹತ್ತಲಿಲ್ಲ. ನಿಲ್ದಾಣ ಕೆಳಗಾಯಿತು, ಅದರ ಸುತ್ತ ಹೊಸ ಪೇಟೆ ಬೆಳೆಯಿತು. ಹಾಗಾಗಿ ಅನೇಕ ಊರುಗಳು ಇಲ್ಲಿ ಜೋಡಿ. ಮೇಲೆ ಕೋಟೆ, ಚರ್ಚು, ಕಲ್ಲು ಹಾಸಿದ ಓಣಿ; ಕೆಳಗೆ ಪೆಟ್ರೋಲ್ ಬಂಕು, ಸೂಪರ್ ಮಾರ್ಕೆಟ್ಟು, ಸಲೀಸಾದ ಪಾರ್ಕಿಂಗು. ಕೋಣೆ ಹುಡುಕುವಾಗ ಕಡಿಮೆ ಬಾಡಿಗೆ ಕಂಡಿತೆಂದು ಹಿಗ್ಗುವ ಮುನ್ನ, ಅದು ಮೇಲೋ ಕೆಳಗೋ ನೋಡಿಕೊಳ್ಳಿ. ಕೊಲ್ಲೆ ದಿ ವಾಲ್ ದೆಲ್ಸಾದಂತಹ ಊರಿನಲ್ಲಾದರೆ ಕೆಳಪೇಟೆಯಿಂದ ಮೇಲಕ್ಕೆ ಲಿಫ್ಟ್ ಇದೆ. ಮೊಂಟೆಪುಲ್ಚಾನೊದ ರೈಲು ನಿಲ್ದಾಣದ ಬಳಿ ಕೋಣೆ ಹಿಡಿದರೆ ಊರು ಇನ್ನೂ ಹಲವು ಕಿಲೊಮೀಟರು ಆಚೆ.

ಕ್ಯಾಮೆರಾ ಕಾಯುವ ಕೋಟೆಬಾಗಿಲು

ಸಿಯೆನಾ ತನ್ನ ಹಳೆಯ ಊರಿನೊಳಕ್ಕೆ ಕಾರು ಬರದಂತೆ ತಡೆದದ್ದು 1960ರ ದಶಕದಲ್ಲಿ. ಯುರೋಪಿನಲ್ಲೇ ಮೊದಲ ಪ್ರಯತ್ನಗಳಲ್ಲಿ ಅದೂ ಒಂದು. ಇವತ್ತು ಇಟಲಿಯ ಬಹುತೇಕ ಹಳೆಯ ಊರುಗಳಲ್ಲಿ ಅಂತಹ ವಲಯವಿದೆ. ಬಿಳಿ ಹಲಗೆಯ ಮೇಲೆ ಕೆಂಪು ವೃತ್ತ, ಜೊತೆಗೆ ‘ಝಡ್ ಟಿ ಎಲ್’ ಎಂಬ ಮೂರಕ್ಷರ. ಅಲ್ಲಿ ಗೇಟು ಇರುವುದಿಲ್ಲ, ಪೊಲೀಸರೂ ಇರುವುದಿಲ್ಲ. ಕ್ಯಾಮೆರಾ ನಂಬರ್ ಪ್ಲೇಟಿನ ಚಿತ್ರ ತೆಗೆದುಕೊಂಡು ಸುಮ್ಮನಿರುತ್ತದೆ.

ದಂಡದ ಕಾಗದ ಮನೆಗೆ ಬರುವುದು ಪ್ರವಾಸದ ಫೋಟೊಗಳು ಮರೆತುಹೋದ ಮೇಲೆ. ವಿದೇಶಿಯರಿಗೆ ನೋಟಿಸು ಕಳಿಸಲು ಇಟಲಿಯ ಕಾನೂನು 360 ದಿನಗಳ ಅವಕಾಶ ಕೊಟ್ಟಿದೆ. ವಿಳಾಸ ಒದಗಿಸಿದ್ದಕ್ಕೆ ಕಾರು ಬಾಡಿಗೆ ಕಂಪನಿಯ ಶುಲ್ಕ ಬೇರೆ. ದಾರಿ ತಪ್ಪಿ ಎರಡು ಸಲ ಒಳಗೆ ನುಗ್ಗಿದರೆ ಎರಡು ದಂಡ. ಫೋನಿನ ನಕ್ಷೆ ಈ ವಲಯಗಳನ್ನು ಯಾವಾಗಲೂ ತಪ್ಪಿಸಿ ಕರೆದೊಯ್ಯುತ್ತದೆ ಎಂದು ನೆಚ್ಚಿಕೊಳ್ಳುವಂತಿಲ್ಲ.

ಆದ್ದರಿಂದ ಕೋಣೆಯ ಮಾಲೀಕರಿಗೆ ಮೊದಲೇ ಬರೆದು ಕೇಳಬೇಕಾದದ್ದು ಎರಡು. ನಿಮ್ಮ ಮನೆ ಈ ವಲಯದ ಒಳಗಿದೆಯೇ? ಒಳಗಿದ್ದರೆ ನಮ್ಮ ಕಾರಿನ ನಂಬರನ್ನು ನಗರಸಭೆಗೆ ತಿಳಿಸುತ್ತೀರಾ, ಇಲ್ಲವೇ ಕಾರು ಎಲ್ಲಿ ನಿಲ್ಲಿಸಬೇಕು? ಉತ್ತರ ಸ್ಪಷ್ಟವಾಗಿ ಬರದಿದ್ದರೆ ಬೇರೆ ಮನೆ ನೋಡುವುದು ಲೇಸು.

ಕೋಟೆಯ ಹೊರಗೆ ಕಾರು ನಿಲ್ಲಿಸುವುದು ಕಷ್ಟವಲ್ಲ. ನೆಲದ ಮೇಲಿನ ಗೆರೆ ಬಿಳಿಯಾದರೆ ಪುಕ್ಕಟೆ, ನೀಲಿಯಾದರೆ ಹಣ, ಹಳದಿಯಾದರೆ ಅದು ಸ್ಥಳೀಯರಿಗೋ ಅಂಗವಿಕಲರಿಗೋ ಮೀಸಲು. ಹಲಗೆಯ ಮೇಲೆ ಅಡ್ಡಡ್ಡ ಇಟ್ಟ ಎರಡು ಸುತ್ತಿಗೆಯ ಚಿತ್ರವಿದ್ದರೆ ಆ ನಿಯಮ ಕೆಲಸದ ದಿನಗಳಿಗೆ, ಶಿಲುಬೆಯಿದ್ದರೆ ಭಾನುವಾರ ಮತ್ತು ಹಬ್ಬಗಳಿಗೆ. ಇನ್ನೊಂದು ಗಂಡಾಂತರ ವಾರದ ಸಂತೆ. ಸಂತೆ ಸೇರುವುದು ಎಷ್ಟೋ ಊರುಗಳಲ್ಲಿ ಪಾರ್ಕಿಂಗ್ ಮೈದಾನದಲ್ಲೇ. ಹಿಂದಿನ ರಾತ್ರಿ ಖಾಲಿ ಮೈದಾನದಲ್ಲಿ ಕಾರು ಬಿಟ್ಟು ಮಲಗಿದವರ ಗಾಡಿಯನ್ನು ಬೆಳಿಗ್ಗೆ ಎಳೆದೊಯ್ದಿರುತ್ತಾರೆ. ಅಲ್ಲಿ ತರಕಾರಿಯ ಡೇರೆ ಎದ್ದಿರುತ್ತದೆ.

ತೋಟದ ಮನೆಯ ಮೋಹ

ಟಸ್ಕನಿ ಎಂದೊಡನೆ ಕಣ್ಣಿಗೆ ಬರುವುದು ಗುಡ್ಡದ ಮೇಲೊಂದು ಒಂಟಿ ಕಲ್ಲುಮನೆ, ಪಕ್ಕದಲ್ಲಿ ಸೈಪ್ರೆಸ್ ಮರಗಳ ಸಾಲು. ಆ ಮನೆಗಳ ಹಿಂದೆ ಒಂದು ಕಥೆಯಿದೆ. ಇಲ್ಲಿನ ಭೂಮಿ ಶತಮಾನಗಳ ಕಾಲ ನಡೆದದ್ದು ಅರ್ಧಪಾಲಿನ ಗೇಣಿಯಲ್ಲಿ: ಜಮೀನು, ಮನೆ ಒಡೆಯನದು, ದುಡಿಮೆ ರೈತ ಕುಟುಂಬದ್ದು, ಬೆಳೆ ಅರ್ಧರ್ಧ. ನಮ್ಮಲ್ಲಿ ವಾರಕ್ಕೆ ಹೊಲ ಮಾಡುತ್ತಿದ್ದ ಹಾಗೆಯೇ. ರೈತ ಹೊಲದಲ್ಲೇ ಇರಬೇಕಾದ್ದರಿಂದ ಮನೆಗಳು ಊರಿನಿಂದ ದೂರ ಚದುರಿದವು. ಎರಡನೇ ಮಹಾಯುದ್ಧದ ನಂತರ ಮಕ್ಕಳು ಕಾರ್ಖಾನೆಗಳನ್ನು ಹುಡುಕಿಕೊಂಡು ಹೋದರು. 1964ರ ಕಾನೂನು ಈ ಬಗೆಯ ಹೊಸ ಗೇಣಿ ಕರಾರುಗಳನ್ನೇ ನಿಷೇಧಿಸಿತು. ಸಾವಿರಾರು ಕಲ್ಲುಮನೆಗಳು ಪಾಳುಬಿದ್ದವು.

ಅವಕ್ಕೆ ಮರುಜೀವ ಬಂದದ್ದು 1985ರಲ್ಲಿ. ರೈತ ತನ್ನ ಜಮೀನಿನ ಮನೆಯಲ್ಲಿ ಅತಿಥಿಗಳನ್ನು ಇಟ್ಟುಕೊಂಡು ಹಣ ಪಡೆಯಬಹುದೆಂದು ಆ ವರ್ಷ ಕಾನೂನು ಬಂತು, ಕೃಷಿಯೇ ಮುಖ್ಯ ಕಸುಬಾಗಿರಬೇಕು ಎಂಬ ಷರತ್ತಿನೊಂದಿಗೆ. ಇವತ್ತು ‘ಅಗ್ರಿತುರಿಸ್ಮೊ’ ಹೆಸರಿನಲ್ಲಿ ಕೋಣೆ ಸಿಗುವುದು ಈ ಮನೆಗಳಲ್ಲೇ. ಹೊಲದ ನಡುವೆ ಬೆಳಗಾಗುವುದು, ಆ ತೋಟದ್ದೇ ಆಲಿವ್ ಎಣ್ಣೆ, ಮಕ್ಕಳಿಗೆ ಈಜುಕೊಳ. ಚೆನ್ನಾಗಿಯೇ ಇರುತ್ತದೆ.

ತೊಡಕು ಶುರುವಾಗುವುದು ಸಂಜೆಗೆ. ಮನೆಗೆ ಹೋಗುವ ಕೊನೆಯ ಎರಡು ಮೂರು ಕಿಲೊಮೀಟರು ಹಲವು ಕಡೆ ಜಲ್ಲಿಯ ಬಿಳಿ ರಸ್ತೆ. ಅದೇ ರಸ್ತೆಗಳ ಮೇಲೆ 2007ರಿಂದ ಪ್ರತಿ ವರ್ಷ ವೃತ್ತಿಪರ ಸೈಕಲ್ ಸವಾರರ ‘ಸ್ತ್ರಾದೆ ಬಿಯಾಂಕೆ’ ಸ್ಪರ್ಧೆ ನಡೆಯುತ್ತದೆ. ನೋಡಲು ಸೊಗಸು, ಬಾಡಿಗೆ ಕಾರಿನ ವಿಮೆ ಮಾತ್ರ ಸಾಮಾನ್ಯವಾಗಿ ಟೈರಿಗೂ ಗಾಡಿಯ ಹೊಟ್ಟೆಗೂ ಅನ್ವಯಿಸುವುದಿಲ್ಲ. ಕತ್ತಲಲ್ಲಿ ಕಾಡುಹಂದಿ, ಜಿಂಕೆ, ಮುಳ್ಳುಹಂದಿ ಅಡ್ಡ ಬರುತ್ತವೆ. ದ್ರಾಕ್ಷಾರಸದ ನಾಡಿಗೆ ಬಂದು ಒಂದು ಲೋಟ ಕುಡಿಯುವ ಮನಸ್ಸಾದರೆ, ಲೀಟರ್ ರಕ್ತಕ್ಕೆ ಅರ್ಧ ಗ್ರಾಂ ಎಂಬ ಮಿತಿಯಿದೆ. ಲೈಸೆನ್ಸ್ ಸಿಕ್ಕು ಮೂರು ವರ್ಷ ಆಗದವರಿಗೆ ಅದೂ ಇಲ್ಲ, ಸೊನ್ನೆ. ಅಂದರೆ ಮನೆಮಂದಿಯಲ್ಲಿ ಒಬ್ಬರು ಪ್ರತಿ ರಾತ್ರಿ ನೀರು ಕುಡಿದುಕೊಂಡು ಕೂರಬೇಕು.

ತೋಟದ ಮನೆಯನ್ನೇ ಹಿಡಿಯುವುದಾದರೆ ರಾತ್ರಿ ಅಲ್ಲೇ ಊಟ ಹಾಕುವಂಥದ್ದನ್ನೋ, ಅಡುಗೆಮನೆ ಇರುವಂಥದ್ದನ್ನೋ ಹಿಡಿಯಿರಿ. ನಾಲ್ಕು ರಾತ್ರಿಯಲ್ಲಿ ಎರಡನ್ನು ಹೊರಗೆ ಎಲ್ಲೂ ಹೋಗದೆ ಅಲ್ಲೇ ಕಳೆಯುವವರಿಗೆ ಅದಕ್ಕಿಂತ ಒಳ್ಳೆಯ ಜಾಗವಿಲ್ಲ. ಬೆಳಗಾದರೆ ಊರು ಸುತ್ತಲು ಓಡುವವರಿಗೆ ಪೇಟೆಯೇ ಮೇಲು. ನವೆಂಬರಿನಿಂದ ಮಾರ್ಚಿನವರೆಗೆ ಯೋಚನೆಯೇ ಬೇಡ, ಪೇಟೆ. ಬೇಗ ಕತ್ತಲಾಗುವ ದಿನಗಳವು. ತೋಟದ ಮನೆಗಳು ಎಷ್ಟೋ ಮುಚ್ಚಿರುತ್ತವೆ.

ಯಾವ ಊರು?

ದಕ್ಷಿಣದ ವಾಲ್ ದೊರ್ಚಾ ಕಣಿವೆಯಿಂದ ಶುರು ಮಾಡೋಣ. 2004ರಲ್ಲಿ ಯುನೆಸ್ಕೊ ಪಟ್ಟಿಗೆ ಸೇರಿದ, ಕ್ಯಾಲೆಂಡರುಗಳಲ್ಲಿ ಕಾಣುವ ಗುಡ್ಡಗಳ ನಾಡು ಇದು. ಇಲ್ಲಿ ಮೊದಲು ಎಲ್ಲರ ಕಣ್ಣಿಗೆ ಬೀಳುವುದು ಪಿಯೆಂಜಾ. ಎರಡನೇ ಪಯಸ್ ಪೋಪ್ ತಾನು ಹುಟ್ಟಿದ ಹಳ್ಳಿಯನ್ನು 1459ರಿಂದ ಮಾದರಿ ನಗರವಾಗಿ ಕಟ್ಟಿಸಿದ ಜಾಗ. ಏರುತಗ್ಗಿಲ್ಲದ ಓಣಿಗಳು, ಸಂಜೆಯ ನೆಮ್ಮದಿ ಎಲ್ಲ ಇದೆ. ಆದರೆ ಊರು ತೀರ ಚಿಕ್ಕದು. ಕೋಣೆ ಕಡಿಮೆ, ಬಾಡಿಗೆ ಜಾಸ್ತಿ, ಮೇಜು ಕಾಯ್ದಿರಿಸದೆ ಊಟಕ್ಕೆ ಹೋದರೆ ನಿರಾಸೆ.

ಮೊಂಟೆಪುಲ್ಚಾನೊ ಇದಕ್ಕಿಂತ ದೊಡ್ಡದು. ಔಷಧದಂಗಡಿ, ದಿನಸಿ, ಹತ್ತಾರು ಹೋಟೆಲುಗಳು, ಎ-1 ಹೆದ್ದಾರಿಯೂ ಹತ್ತಿರ. ಆದರೆ ಕೆಳಗಿನ ಕೋಟೆಬಾಗಿಲಿನಿಂದ ಮೇಲಿನ ಚೌಕದವರೆಗೆ ಊರಿನ ಮುಖ್ಯ ಬೀದಿ ಏರುತ್ತಲೇ ಹೋಗುತ್ತದೆ. ಸೂಟ್‌ಕೇಸಿನ ಗಾಲಿ ಕಲ್ಲುಹಾಸಿನ ಮೇಲೆ ಉರುಳುವುದಿಲ್ಲ, ಎಗರುತ್ತದೆ. ಮಂಡಿನೋವಿನ ಅಪ್ಪ ಅಮ್ಮ ಜೊತೆಗಿದ್ದರೆ ಕೆಳಬಾಗಿಲಿನ ಹತ್ತಿರದ ಕೋಣೆಯನ್ನಷ್ಟೇ ನೋಡಿ.

ನನ್ನ ಮತ ಸಾನ್ ಕ್ವಿರಿಕೊ ದೊರ್ಚಾಗೆ. ಹೆಸರು ಕೇಳಿದವರು ಕಡಿಮೆ. ಸಿಯೆನಾದಿಂದ ರೋಮಿನ ಕಡೆಗೆ ಹೋಗುವ ಹಳೆಯ ಕಾಸಿಯಾ ರಸ್ತೆ ಊರ ಪಕ್ಕದಲ್ಲೇ ಇದೆ. ಪಿಯೆಂಜಾದ ದಾರಿ ಅಲ್ಲೇ ಕವಲೊಡೆಯುತ್ತದೆ. ಮೊಂಟಾಲ್ಚಿನೊ ಒಂದು ಕಡೆಗೆ, ಚೌಕದ ತುಂಬ ಬಿಸಿನೀರಿನ ಕೊಳವಿರುವ ಬಾನ್ಯೊ ವಿನ್ಯೋನಿ ಇನ್ನೊಂದು ಕಡೆಗೆ. ಕೋಟೆಯ ಒಳಗೆ ಓಣಿಗಳು ಬಹುತೇಕ ಸಮತಟ್ಟು; ಕಾರು ನಿಲ್ಲಿಸಲು ಹೊರಗೆ ಜಾಗವುಂಟು; ನಡೆದು ಹೋಗಿ ಉಣ್ಣಲು ನಾಲ್ಕಾರು ಕಡೆ ಇವೆ. ಹಗಲು ಅಲ್ಲಿ ನೋಡುವಂಥದ್ದು ಅರ್ಧ ದಿನಕ್ಕೆ ಮುಗಿಯುತ್ತದೆ. ಬೀಡಿಗೆ ಅದೇನೂ ಕೊರತೆಯಲ್ಲ.

ಚೆಲುವಿಲ್ಲದ ಊರನ್ನೂ ತಳ್ಳಿಹಾಕಬಾರದು. ಮೊಂಟೆಪುಲ್ಚಾನೊದ ಪಕ್ಕದ ಕ್ಯಾಂಚಾನೊ ತೆರ್ಮೆ ಖನಿಜ ನೀರಿನ ಚಿಕಿತ್ಸೆಗಾಗಿ ಬೆಳೆದ ಊರು. ಇಟಲಿಯ ಮಧ್ಯಮ ವರ್ಗ ಇಲ್ಲಿ ವಾರಗಟ್ಟಲೆ ತಂಗಿ ನೀರು ಕುಡಿಯುತ್ತಿದ್ದ ಕಾಲದಲ್ಲಿ ಸಾಲುಸಾಲಾಗಿ ಹೋಟೆಲುಗಳೆದ್ದವು. ಆ ಜನ ಈಗ ಕಡಿಮೆ, ಹೋಟೆಲುಗಳು ಉಳಿದಿವೆ. ಫೋಟೊಕ್ಕೆ ಬಾರದ ಊರು. ಆದರೆ ಲಿಫ್ಟ್ ಇದೆ, ಬಾಡಿಗೆ ಕೈಗೆಟಕುತ್ತದೆ, ಕಾರಿಗೆ ಜಾಗವಿದೆ. ಸೈಪ್ರೆಸ್ ಮರಗಳ ನಡುವೆ ಹಾವಿನಂತೆ ಹೊರಳುವ, ಜಗತ್ತಿಗೆಲ್ಲ ಗೊತ್ತಿರುವ ಆ ರಸ್ತೆ ಇಲ್ಲಿಂದ ಸ್ವಲ್ಪವೇ ದೂರದ ಲಾ ಫೋಚೆ ಎಸ್ಟೇಟಿನದು. ಪುರಾತನವೆಂದು ತೋರಿದರೂ ಅದು ಇಪ್ಪತ್ತನೇ ಶತಮಾನದ್ದೇ.

ಎರಡನೇ ಗೊಂಚಲು ಫ್ಲಾರೆನ್ಸ್ ಮತ್ತು ಸಿಯೆನಾದ ನಡುವಿನದು. ದ್ರಾಕ್ಷಿತೋಟಗಳೇ ಮುಖ್ಯವಾದರೆ ಕಾಸ್ಟೆಲ್ಲಿನಾ ಒಳ್ಳೆಯ ಆಯ್ಕೆ: 222ನೇ ರಸ್ತೆಯ ಮೇಲಿದೆ, ಸಿಯೆನಾ ದಕ್ಷಿಣಕ್ಕೆ, ರಾದ್ದಾ ಪೂರ್ವಕ್ಕೆ, ಸಾನ್ ಜಿಮಿನ್ಯಾನೊ ಪಶ್ಚಿಮಕ್ಕೆ. ಅದೇ ರಸ್ತೆಯ ಇನ್ನೊಂದು ಊರು ಗ್ರೇವೆಯ ತ್ರಿಕೋನ ಚೌಕ ಜೀವಂತವಾಗಿದೆ, ಶನಿವಾರದ ಸಂತೆ ಚೆನ್ನ. ಆದರೆ ಅದು ಫ್ಲಾರೆನ್ಸಿಗೆ ಹತ್ತಿರವಾದಷ್ಟೂ ಸಿಯೆನಾಗೆ ದೂರ. ಸಾನ್ ಜಿಮಿನ್ಯಾನೊ, ವೊಲ್ತೆರಾ, ಸಿಯೆನಾ ಮೂರೂ ಬೇಕೆನ್ನುವವರಿಗೆ ಮೊದಲು ಹೇಳಿದ ಲಿಫ್ಟಿನ ಊರು ಕೊಲ್ಲೆ ಸರಿಹೋಗುತ್ತದೆ. ಫ್ಲಾರೆನ್ಸ್-ಸಿಯೆನಾ ವೇಗದ ರಸ್ತೆ ಅದರ ಮಗ್ಗುಲಲ್ಲೇ ಇದೆ.

ಸಿಯೆನಾದಲ್ಲೇ ಇರುವುದಾದರೆ ಕೋಟೆಯ ಹೊರಗಿರಿ. ಜುಲೈ 2 ಮತ್ತು ಆಗಸ್ಟ್ 16, ಪಾಲಿಯೊ ಕುದುರೆ ಓಟದ ದಿನಗಳು. ಓಟ ನೋಡುವವರು ಬಹಳ ಮೊದಲೇ ಕೋಣೆ ಹಿಡಿಯಬೇಕು, ಉಳಿದವರು ಆ ವಾರ ಆ ಕಡೆ ತಲೆಹಾಕಬಾರದು. ವಾಯವ್ಯದ ಲುಕ್ಕಾ ಸಮತಟ್ಟಾದ ಚೆಂದದ ಊರು, ಪೀಸಾಕ್ಕೆ ಹತ್ತಿರ. ಆದರೆ ಅಲ್ಲಿಂದ ವಾಲ್ ದೊರ್ಚಾ ನೋಡಿ ಬರುತ್ತೇವೆನ್ನುವುದು ಹುಚ್ಚು ಸಾಹಸ.

ಒಂದು ವಾರ ರಜೆ ಇದ್ದವರಿಗೆ ಎರಡು ಬೀಡು ಸಾಕು, ಮೂರು ಹೆಚ್ಚಾಯಿತು. ಕೋಣೆ ಬದಲಿಸುವ ದಿನ ಹತ್ತು ಗಂಟೆಗೆ ಖಾಲಿ ಮಾಡಿ, ಮುಂದಿನ ಕೋಣೆ ಮಧ್ಯಾಹ್ನ ಮೂರರ ನಂತರ ಸಿಗುವವರೆಗೆ ಸಾಮಾನೆಲ್ಲ ಕಾರಿನಲ್ಲೇ. ಪಾಸ್‌ಪೋರ್ಟು, ಕ್ಯಾಮೆರಾ ಡಿಕ್ಕಿಯಲ್ಲಿಟ್ಟು ಊರು ನೋಡಲು ಹೋದವರ ಮನಸ್ಸು ಊರಿನಲ್ಲಿ ಇರುವುದಿಲ್ಲ.

ಅನ್ನದ ಪ್ರಶ್ನೆ

ಮಧ್ಯಾಹ್ನದ ಊಟ ಹನ್ನೆರಡೂವರೆಯಿಂದ ಎರಡೂವರೆ. ಆಮೇಲೆ ಅಡುಗೆಮನೆ ಮುಚ್ಚಿದರೆ ರಾತ್ರಿ ಏಳೂವರೆಗೇ ತೆರೆಯುವುದು. ಚಿಕ್ಕ ಊರಿನ ಅಂಗಡಿಗಳೂ ಮಧ್ಯಾಹ್ನ ಬಾಗಿಲು ಹಾಕುತ್ತವೆ. ಹೋಟೆಲುಗಳಿಗೆ ವಾರಕ್ಕೊಂದು ರಜೆಯುಂಟು. ಒಂದೇ ಹೋಟೆಲಿರುವ ಹಳ್ಳಿಯಲ್ಲಿ ಬೀಡು ಬಿಟ್ಟರೆ ಅದರ ರಜೆಯ ದಿನ ನಿಮಗೆ ಉಪವಾಸ.

ಸಸ್ಯಾಹಾರಿಗಳಿಗೆ ಟಸ್ಕನಿ ಕಷ್ಟದ ನಾಡಲ್ಲ. ದಪ್ಪ ಶ್ಯಾವಿಗೆಯಂಥ ‘ಪಿಚಿ’ಯನ್ನು ಬೆಳ್ಳುಳ್ಳಿ, ಟೊಮೆಟೊ ಜೊತೆ ಕೊಡುತ್ತಾರೆ. ಹಳೆಯ ಬ್ರೆಡ್ಡು, ಟೊಮೆಟೊ ಹಾಕಿ ಕುದಿಸಿದ ಗಟ್ಟಿ ಸಾರಿದೆ. ಹುರುಳಿಕಾಯಿ ಬೀಜ, ಎಲೆಕೋಸಿನ ‘ರಿಬೊಲ್ಲಿತಾ’ಕ್ಕೆ ಮಾತ್ರ ಕೆಲವರು ಮಾಂಸದ ಸಾರು ಸೇರಿಸುತ್ತಾರೆ, ಕೇಳಬೇಕು. ಬ್ರೆಡ್ಡಿಗೆ ಉಪ್ಪು ಹಾಕುವುದಿಲ್ಲ. ಅದು ಅಲ್ಲಿಯ ರೂಢಿ. ಪಿಯೆಂಜಾದ ಕುರಿಹಾಲಿನ ಚೀಸಿಗೆ ಸಾಮಾನ್ಯವಾಗಿ ಪ್ರಾಣಿಮೂಲದ ಹೆಪ್ಪು ಬಳಸುತ್ತಾರೆ ಎಂಬುದು ಕಟ್ಟುನಿಟ್ಟಿನವರಿಗೆ ಗೊತ್ತಿರಲಿ. ಮೂರನೇ ದಿನಕ್ಕೆ ನಾಲಿಗೆ ಅನ್ನ ಬೇಡುವವರು ಅಡುಗೆಮನೆಯಿರುವ ಮನೆ ಹಿಡಿದು, ಚೀಲದಲ್ಲಿ ಸಾರಿನ ಪುಡಿ ಇಟ್ಟುಕೊಂಡರೆ ಮುಗಿಯಿತು. ಅಕ್ಕಿ ಅಲ್ಲಿಯ ಸೂಪರ್ ಮಾರ್ಕೆಟ್ಟಿನಲ್ಲೇ ಸಿಗುತ್ತದೆ.

ಬರುವ ದಿನ, ಬಿಡುವ ದಿನ

ನಮ್ಮ ಲೈಸೆನ್ಸಿನ ಜೊತೆಗೆ ಅಂತರರಾಷ್ಟ್ರೀಯ ಚಾಲನಾ ಪರವಾನಗಿ ಇಟಲಿಯಲ್ಲಿ ಬೇಕು. ಆರ್‌ಟಿಓ ಕೊಡುವ ಇದು ಒಂದು ವರ್ಷ ಚಾಲ್ತಿಯಲ್ಲಿರುತ್ತದೆ. ರಸ್ತೆಯ ಬಲಬದಿಯಲ್ಲಿ ಓಡಿಸಬೇಕು, ಊರಾಚೆ ಹಗಲಲ್ಲೂ ಹೆಡ್‌ಲೈಟು ಉರಿಯುತ್ತಿರಬೇಕು. ಗೇರಿಲ್ಲದ ಕಾರು ಬೇಕಾದರೆ ಬುಕಿಂಗಿನಲ್ಲೇ ಹೇಳಬೇಕು.

ಕೊಲ್ಲಿಯ ಯಾವುದೋ ವಿಮಾನ ನಿಲ್ದಾಣದಲ್ಲಿ ರಾತ್ರಿ ಕಳೆದು ಬಂದವರು ಇಳಿದ ದಿನವೇ ಬಲಬದಿಯ ಚಾಲನೆಗೆ ಇಳಿಯಬಾರದು. ಫ್ಲಾರೆನ್ಸ್ ನೋಡುವ ದಿನಗಳನ್ನು ಕಾರಿಲ್ಲದೆ ಮೊದಲೇ ಮುಗಿಸಿ, ಹೊರಡುವ ಬೆಳಿಗ್ಗೆ ಕಾರು ಪಡೆಯುವುದು ಜಾಣತನ. ವಿಮಾನ ನಿಲ್ದಾಣದಿಂದ ನಗರದ ಒಳಕ್ಕೆ ಟ್ರಾಮ್ ಇದೆ. ಮಧ್ಯೆ ಒಂದು ದಿನ ಫ್ಲಾರೆನ್ಸಿಗೆ ಹೋಗಲೇಬೇಕೆಂದರೆ ಸಿಯೆನಾದಿಂದ ಒಂದೂವರೆ ತಾಸಿನ ರೈಲಿದೆ. ಇಲ್ಲವಾದರೆ ಎ-1 ಹೆದ್ದಾರಿಗೇ ಅಂಟಿಕೊಂಡಿರುವ ವಿಲ್ಲಾ ಕೊಸ್ತಾಂಜಾ ಪಾರ್ಕಿಂಗ್‌ನಲ್ಲಿ ಕಾರು ಬಿಟ್ಟು ಟ್ರಾಮ್ ಹತ್ತಬಹುದು.

ಕಾರು ಹಿಂದಿರುಗಿಸುವ ದಿನ ಭಾನುವಾರವಾದರೆ ಎಚ್ಚರ. ಸಣ್ಣ ಊರಿನ ಬಾಡಿಗೆ ಕಚೇರಿಗಳು ಅಂದು ಮುಚ್ಚಿರುತ್ತವೆ, ವಿಮಾನ ನಿಲ್ದಾಣದವು ತೆರೆದಿರುತ್ತವೆ. ಬೆಳಗಿನ ವಿಮಾನವಿದ್ದರೆ ಕೊನೆಯ ರಾತ್ರಿಯನ್ನು ಗುಡ್ಡದ ಮೇಲೆ ಕಳೆಯುವ ಆಸೆ ಬಿಟ್ಟು ಹಿಂದಿನ ಸಂಜೆಯೇ ಕೆಳಗಿಳಿದು ನಿಲ್ದಾಣದ ಹತ್ತಿರ ಮಲಗಿ. ಪೆಟ್ರೋಲನ್ನೂ ಆಗಲೇ ತುಂಬಿಸಿಕೊಳ್ಳಿ. ಒಂದೇ ಬಂಕಿನಲ್ಲಿ ಸಿಬ್ಬಂದಿ ಹಾಕುವ ಸಾಲಿಗೂ ನಾವೇ ಹಾಕಿಕೊಳ್ಳುವ ಸಾಲಿಗೂ ದರ ಬೇರೆ ಬೇರೆ ಇರುತ್ತದೆ. ಫಲಕ ನೋಡಿ ಗಾಡಿ ನಿಲ್ಲಿಸಿ.